ಸ್ವಾಮಿ ಬರುವ ಬೀದಿಯ ಜಗಲಿಗಳು

ಬೈರಾಪಟ್ಟಣದ ನಮ್ಮ ಮನೆಗೂ ಜಗಲಿ ಇದೆ. ಅದರ ಮೇಲೆ ಮನುಷ್ಯರು ಕೂತದ್ದು ಮಾತ್ರ ಕಡಿಮೆ. ರೇಷ್ಮೆ ಹುಳ ಹಣ್ಣಾದವೆಂದರೆ ಅವು ಗೂಡು ಕಟ್ಟುವ ಆಳೆತ್ತರದ ಚಂದ್ರಿಕೆಗಳು ಬಂದು ಒರಗುತ್ತವೆ, ನಾವು ಬೀದಿಗೆ ಬೀಳುತ್ತೇವೆ. ಅದಕ್ಕೇ ಇರಬೇಕು, ಮೇಲುಕೋಟೆಯಲ್ಲಿ ನನ್ನ ಕಣ್ಣು ಮೊದಲು ಜಗಲಿಗಳ ಮೇಲೆ ಹೋಯಿತು.

ಮಂಡ್ಯದಲ್ಲಿ ಬಸ್ಸಿಗೆ ಮುಕ್ಕಾಲು ಗಂಟೆ ಕಾದು, ಜಕ್ಕನಹಳ್ಳಿವರೆಗೆ ನಿಂತೇ ಬಂದವನು ನಾನು. ಮೇಲುಕೋಟೆಯಲ್ಲಿ ಇಳಿದವನೇ ಕಲ್ಯಾಣಿಗೆ ಹೋದೆ. ಅಲ್ಲಿ ಮೆಟ್ಟಿಲಿಗೊಂದು ಮದುವೆ ಜೋಡಿ, ಜೋಡಿಗೊಬ್ಬ ಕ್ಯಾಮೆರಾದವನು. ಅವರ ಚಿತ್ರಗಳಿಗೆ ಅಡ್ಡ ಬರುವುದು ಬೇಡವೆಂದು ಚೆಲುವನಾರಾಯಣನ ಗುಡಿಯ ಸುತ್ತಲ ಬೀದಿಗಳಿಗೆ ತಿರುಗಿದೆ.

ಎಂಥ ಬೀದಿಗಳು! ಒಂದರ ಗೋಡೆಗೆ ಇನ್ನೊಂದು ಹೆಗಲು ಕೊಟ್ಟು ನಿಂತ ಮನೆಗಳು, ನಾಡಹೆಂಚಿನ ಇಳಿಜಾರು ಸೂರು, ಕಲ್ಲಿನ ಕುಂಭದ ಮೇಲೆ ಮರದ ಕಂಬ. ಎಷ್ಟೋ ಬಾಗಿಲಿಗೆ ಬೀಗ. ನಡುನಡುವೆ ತಾರಸಿ ಮನೆಯೊಂದು ಹೊಸ ಹಲ್ಲು ಕಟ್ಟಿಸಿಕೊಂಡಂತೆ ಹೊಳೆಯುತ್ತದೆ. ಕವಿ ಪು.ತಿ.ನ. (1905–1998) ಅವರ ಮನೆಯೂ ಈ ಊರಿನಲ್ಲೇ ಇದೆ, ಅದನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ.

ಕಂಬ ಸವರುತ್ತ ನಿಂತವನನ್ನು ಜಗಲಿಯ ಅಜ್ಜಿಯೊಬ್ಬರು ಮಾತಾಡಿಸುತ್ತಾರೆ.

“ಯಾವೂರಪ್ಪ?”

“ಚನ್ನಪಟ್ಟಣದ ಹತ್ರ, ಬೈರಾಪಟ್ಟಣ.”

“ಬೊಂಬೆ ಊರು! ಒಳಗೆ ಬಾ, ನೀರು ಕುಡಿ. ತಲೆ ಜೋಪಾನ...”

ಅಷ್ಟರಲ್ಲಿ ನನ್ನ ಹಣೆ ಬಾಗಿಲವಾಡಕ್ಕೆ ಬಡಿದಿತ್ತು. ಚಂದ್ರಿಕೆ ಹಿಡಿದು ಸಲೀಸಾಗಿ ನುಗ್ಗುವಂತೆ ಬಾಗಿಲಿಡಿಸಿದ ಮನೆಯವನು ನಾನು, ಬಾಗುವ ಅಭ್ಯಾಸವೇ ಇಲ್ಲ. ಉಜ್ಜಿಕೊಳ್ಳುತ್ತ ಮೇಲೆ ನೋಡಿದರೆ ವಾಡದ ನಡುವೆ ನಾಮ, ಅಕ್ಕಪಕ್ಕ ಶಂಖ ಚಕ್ರ.

ಬೀದಿಯಿಂದ ನಾಲ್ಕು ಹೆಜ್ಜೆಯ ಅಗಲ ಕಂಡ ಮನೆ ಒಳಗೆ ಹೋದಷ್ಟೂ ಉದ್ದವಾಗುತ್ತದೆ. ನಡುವೆ ತೊಟ್ಟಿ. ಬಿಸಿಲು ಚೌಕಾಕಾರವಾಗಿ ಕೆಳಗಿಳಿದು ಕಲ್ಲುಹಾಸಿನ ಮೇಲೆ ಕೂತಿದೆ. ಸೂರಿನ ಮೂಲೆಯಿಂದ ತಗಡಿನ ದೋಣಿ, ಅದರ ಬಾಯಿಗೆ ತಾಮ್ರದ ಹಂಡೆ. ಮಳೆ ಬಂದರೆ ನೀರು ಮನೆಯೊಳಗೇ ಬಂದು ತುಂಬುತ್ತದೆ. ನಮ್ಮ ತೊಟ್ಟಿಯಲ್ಲೂ ಹಂಡೆ ಇತ್ತು. ಆದರೆ ಅಪ್ಪ ತೊಟ್ಟಿಯನ್ನು ಹೊಗಳುತ್ತಿದ್ದದ್ದು ನೀರಿಗಾಗಿ ಅಲ್ಲ, ಹುಳಕ್ಕೆ ತಂಪು ಗಾಳಿ ಆಡುತ್ತದೆಂದು. ಹುಳ ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತಾಗ ನಾವು ಮಕ್ಕಳು ತೊಟ್ಟಿಯಲ್ಲಿ ಗಟ್ಟಿಯಾಗಿ ನಗುವಂತೆಯೂ ಇರಲಿಲ್ಲ.

“ಜಗಲಿ ಯಾಕಜ್ಜಿ ಇಷ್ಟು ಎತ್ತರ?” ಎಂದೆ.

“ವೈರಮುಡಿ ದಿನ ಬಂದು ನೋಡು. ಸ್ವಾಮೀನೇ ಬೀದಿಗೆ ಬರ್ತಾನೆ. ಕೂತಲ್ಲೇ ಕಾಣಬೇಡ್ವೇ?”

ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಬರುವ ಕಿರೀಟ ಅದು. ಅದನ್ನು ಧರಿಸಿ ಗರುಡನ ಮೇಲೆ ದೇವರು ಹೊರಡುವುದು ರಾತ್ರಿ. ಕೆಳಗೆ ಬೀದಿ ತುಂಬ ಜನ, ಮೇಲೆ ಜಗಲಿಯಲ್ಲಿ ಮನೆಯ ಮುದುಕರು ಮಕ್ಕಳು. ಗುಡಿಗೆ ನಡೆಯಲಾರದವರ ಕಣ್ಣಳತೆಗೆ ಕಲ್ಲು ಕಟ್ಟಿದ್ದಾರೆ! ನಮ್ಮೂರಲ್ಲಿ ಹುಳದ ಅಳತೆಗೆ ಕಟ್ಟಿಲ್ಲವೇ, ಹಾಗೆ.

ಅಮ್ಮನಿಗೆಂದು ಕಟ್ಟಿಸಿಕೊಂಡ ಪುಳಿಯೋಗರೆಯನ್ನು ಯೋಗಾನರಸಿಂಹನ ಬೆಟ್ಟದ ಮೆಟ್ಟಿಲಲ್ಲಿ ಕೋತಿಯೊಂದು ಪೊಟ್ಟಣ ಸಮೇತ ಒಯ್ದು, ಎಲೆ ಬಿಚ್ಚಿ, ಕಡಲೆಬೀಜ ಆರಿಸಿ ತಿಂದು, ಅನ್ನವನ್ನು ನನಗೇ ಬಿಟ್ಟಿತು.

ಊರು ಸೇರಿದಾಗ ರಾತ್ರಿ ಒಂಬತ್ತು. ಜಗಲಿ ತುಂಬ ಚಂದ್ರಿಕೆ. ಬೆಳಗ್ಗೆ ತಟ್ಟೆಯಲ್ಲಿದ್ದ ಹುಳ ಆಗಲೇ ನೂಲು ಬಿಡುತ್ತಿವೆ. ಚಪ್ಪಲಿ ಕಳಚಲು ಬೀದಿಯ ಮೆಟ್ಟಿಲ ಮೇಲೆ ಕೂತೆ. ಒಳಗಿಂದ ಅಮ್ಮ, “ಪುಳಿಯೋಗರೆ ತಂದ್ಯೇನೋ?” ಎಂದಳು.