ಎರ್ಫುರ್ಟಿನ ಕಿಟಕಿ

ನಿಲ್ದಾಣದ ಬಾಗಿಲು ದಾಟಿ ಚೌಕಕ್ಕೆ ಕಾಲಿಟ್ಟವನಿಗೆ ಎದುರಿನ ಕಟ್ಟಡದ ಮಾಡಿನ ಮೇಲೆ, ಹಿಂದೊಮ್ಮೆ ನಮ್ಮ ಚಿತ್ರಮಂದಿರಗಳ ನೆತ್ತಿಯಲ್ಲಿ ನಾಯಕನ ಹೆಸರು ಬೆಳಗುತ್ತಿದ್ದಂತೆ, ದೊಡ್ಡ ಅಕ್ಷರಗಳ ಒಂದು ವಾಕ್ಯ ಕಾಣಿಸಿದಾಗ, ಇತಿಹಾಸವನ್ನು ಇವರೂ ಜಾಹೀರಾತಿನ ಹಲಗೆಯಾಗಿಸಿಬಿಟ್ಟರಲ್ಲ ಎಂದು ನನಗೆ ಮೊದಲು ಬಂದದ್ದು ಸಿಟ್ಟೇ. ಜರ್ಮನ್ ಬಲ್ಲ ಮಗಳು ತಲೆಯೆತ್ತಿ ಓದಿದಳು: “ವಿಲಿ ಬ್ರಾಂಟ್, ಕಿಟಕಿಗೆ ಬನ್ನಿ ಅಂತ ಬರೆದಿದೆ, ಅಪ್ಪ. ಇದನ್ನು ನೋಡುವುದಕ್ಕೆ ಇಷ್ಟು ದೂರ ಬಂದೆವಾ?”

ಇದನ್ನೇ ನೋಡಲು ಬಂದಿದ್ದೆವು. ಫ್ರಾಂಕ್‌ಫರ್ಟಿನಲ್ಲಿ ಉದ್ಯೋಗದಲ್ಲಿರುವ ಅವಳ ಮನೆಯಲ್ಲಿ ಕಳೆದ ಮೂರು ವಾರಗಳಲ್ಲಿ ರೈನ್ ನದಿಯ ದುರ್ಗಗಳನ್ನೂ, ಚರ್ಚುಗಳ ಗೋಪುರಗಳನ್ನೂ, ಶೌಚಾಲಯಕ್ಕೂ ನಾಣ್ಯ ಕೇಳುವ ನಿಲ್ದಾಣಗಳನ್ನೂ ಸಾಕಷ್ಟು ನೋಡಿಯಾಗಿತ್ತು. ಆದರೆ 1970ರಲ್ಲಿ, ಕಾಲೇಜು ಹುಡುಗನಾಗಿ ವಾಚನಾಲಯದಲ್ಲಿ ಪತ್ರಿಕೆಯನ್ನು ಇನ್ನೊಬ್ಬರೊಡನೆ ಹಂಚಿಕೊಂಡು ಓದುತ್ತಿದ್ದ ದಿನಗಳಿಂದ ಮನಸ್ಸಿನ ಮೂಲೆಯಲ್ಲಿ ಉಳಿದಿದ್ದ ಆ ಒಂದು ಕಿಟಕಿಯನ್ನು ಕಾಣದೆ ಹಿಂದಿರುಗಲು ಮನಸ್ಸೊಪ್ಪಲಿಲ್ಲ. ಪೂರ್ವ ಜರ್ಮನಿಯೆಂದರೆ ಆಗ ನಮ್ಮ ಮನೆಗೆ ಗೊತ್ತಿದ್ದುದು ಓರ್ವೋ ಫಿಲ್ಮಿನ ಸುರುಳಿಯೊಂದೇ. ಅಕ್ಕನ ಮದುವೆಯ ಕಪ್ಪುಬಿಳುಪು ಚಿತ್ರಗಳೆಲ್ಲ ಅದರಲ್ಲೇ ಮೂಡಿದ್ದವು. ಆ ಫಿಲ್ಮಿನ ದೇಶಕ್ಕೂ ಅದರ ಪಕ್ಕದ ದೇಶಕ್ಕೂ ಇದ್ದ ವೈಮನಸ್ಯವನ್ನು ಅರ್ಥಮಾಡಿಕೊಳ್ಳುವುದಕ್ಕೆ ನಮ್ಮಂಥವರಿಗೆ ರಾಜ್ಯಶಾಸ್ತ್ರದ ಪುಸ್ತಕ ಬೇಕಾಗಿರಲಿಲ್ಲ, ದಾಯಾದಿಗಳ ಒಂದು ಮನೆಯ ಪರಿಚಯವಿದ್ದರೆ ಸಾಕಾಗಿತ್ತು.

ನಡುಗೋಡೆ ಎದ್ದ ಮೇಲೆ ಅಣ್ಣ ತಮ್ಮನ ಹೆಸರೆತ್ತುವುದಿಲ್ಲ; ಅನಿವಾರ್ಯವಾದಾಗ ‘ಆಚೆಮನೆಯವರು’ ಎನ್ನುತ್ತಾನೆ; ಆಚೆಮನೆಯ ಶುಭಕಾರ್ಯಕ್ಕೆ ಹೋದ ನೆಂಟರನ್ನು ತನ್ನ ಮನೆಯ ಪಂಕ್ತಿಯಿಂದ ಹೊರಗಿಡುತ್ತಾನೆ. ಪಶ್ಚಿಮ ಜರ್ಮನಿಯ ಸರ್ಕಾರವೂ ಬಹುಕಾಲ ನಡೆದುಕೊಂಡದ್ದು ಹೀಗೆಯೇ. ಪೂರ್ವಕ್ಕೆ ಮಾನ್ಯತೆ ಕೊಟ್ಟ ರಾಷ್ಟ್ರದೊಡನೆ, ಸೋವಿಯತ್ ಒಕ್ಕೂಟವೊಂದನ್ನು ಬಿಟ್ಟು, ತಾನು ರಾಯಭಾರ ಸಂಬಂಧ ಇಟ್ಟುಕೊಳ್ಳಲಾರೆನೆಂಬ ನಿಯಮವನ್ನು 1955ರಲ್ಲಿ ಮಾಡಿಕೊಂಡು, ಹಾಲ್‌ಷ್ಟೈನ್ ಎಂಬ ಅಧಿಕಾರಿಯ ಹೆಸರಿನಿಂದ ಅದನ್ನು ಸಿದ್ಧಾಂತದ ಪದವಿಗೇರಿಸಿತ್ತು. ಆ ಕಡೆಯ ಕೆಲವು ಪತ್ರಿಕೆಗಳಂತೂ ಪೂರ್ವ ಜರ್ಮನಿಯ ಅಧಿಕೃತ ನಾಮವನ್ನು ಉದ್ಧರಣ ಚಿಹ್ನೆಯಿಲ್ಲದೆ ಮುದ್ರಿಸುತ್ತಿರಲಿಲ್ಲ; ಎರಡು ಅಲ್ಪವಿರಾಮಗಳನ್ನು ತಲೆಕೆಳಗು ಮಾಡಿದರೆ ಒಂದು ರಾಜ್ಯ ಇಲ್ಲವಾಗುವುದೆಂಬ ನಂಬಿಕೆ! ದೆಹಲಿ ಕೂಡ ಈ ಇಕ್ಕಟ್ಟಿನ ನಡುವೆ ಜಾಣತನದಿಂದ ಹೆಜ್ಜೆಯಿಡುತ್ತ, ಪೂರ್ಣ ರಾಯಭಾರ ಸಂಬಂಧವನ್ನು ಪೂರ್ವದೊಡನೆ ಬೆಳೆಸಿದ್ದು 1972ರ ಅಕ್ಟೋಬರಿನಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1969ರ ಶರತ್ಕಾಲದಲ್ಲಿ ಚಾನ್ಸಲರ್ ಪದವಿಗೆ ಬಂದ ಬ್ರಾಂಟ್, ಜರ್ಮನಿಯಲ್ಲಿ ಎರಡು ರಾಜ್ಯಗಳಿದ್ದರೂ ಅವು ಪರಸ್ಪರ ಪರದೇಶಗಳಲ್ಲವೆಂದು ಸಂಸತ್ತಿನಲ್ಲಿ ಹೇಳಿದಾಗ, ಕೆಲವರಿಗೆ ಅದು ದ್ರೋಹವಾಗಿ ಕೇಳಿಸಿತು, ಕೆಲವರಿಗೆ ಬರಿಯ ಶಬ್ದಚಾತುರ್ಯವಾಗಿ.

ಅಣ್ಣತಮ್ಮಂದಿರು ಸಂಧಿಸುವುದೆಂದು ನಿಶ್ಚಯವಾದ ಮೇಲೂ ಎಲ್ಲಿ ಸಂಧಿಸಬೇಕೆಂಬ ಜಗಳ ಬಾಕಿಯಿತ್ತು. ಪೂರ್ವ ಬರ್ಲಿನ್ನಿಗೆ ಕರೆದರೆ ಬ್ರಾಂಟ್ ಪಶ್ಚಿಮ ಬರ್ಲಿನ್ನಿನ ಮಾರ್ಗವಾಗಿ ಬರುವೆನೆನ್ನುತ್ತಾರೆ. ಹಾಗೆ ಬಂದರೆ ಆ ನಗರಾರ್ಧ ಪಶ್ಚಿಮದ್ದೆಂದು ಒಪ್ಪಿದಂತಾಗುತ್ತದೆಂದು ಇವರಿಗೆ ಅಳುಕು. ಹೀಗೆ ಯಾರ ಹಟವೂ ಮುರಿಯದ ಹಾಗೆ ಆರಿಸಿದ ಊರು ಎರ್ಫುರ್ಟ್. 1970ರ ಮಾರ್ಚ್ 19ರ ಬೆಳಿಗ್ಗೆ ಬ್ರಾಂಟರನ್ನು ಹೊತ್ತ ವಿಶೇಷ ರೈಲು ಇಲ್ಲಿ ನಿಂತಿತು. ಪೂರ್ವದ ಪ್ರಧಾನಮಂತ್ರಿ ಷ್ಟೋಫ್ ಎದುರುಗೊಂಡರು. ನಿಲ್ದಾಣದಿಂದ ಹೋಟೆಲಿಗೆ ಚೌಕ ದಾಟುವಷ್ಟೇ ದೂರ. ಆ ಅಷ್ಟು ದೂರದಲ್ಲಿ ಸರ್ಕಾರದ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಪೊಲೀಸರ ಸಾಲನ್ನು ಮುರಿದು ಸಾವಿರಾರು ಜನ ನುಗ್ಗಿದರು, “ವಿಲಿ! ವಿಲಿ!” ಎಂಬ ಕೂಗೆದ್ದಿತು. ವಿಧಿಯ ಹಾಸ್ಯವನ್ನು ನೋಡಿ: ಷ್ಟೋಫರ ಹೆಸರೂ ವಿಲಿಯೇ. ಸರ್ಕಾರ ಬೇಕೆಂದೇ ತಪ್ಪು ತಿಳಿದುಕೊಳ್ಳಬಹುದಾದ ಆ ಸಂದೇಹವನ್ನು ನಿವಾರಿಸುವುದಕ್ಕಾಗಿಯೇ ಜನ ಪೂರ್ಣ ಹೆಸರು ಹಿಡಿದು, ವಿಲಿ ಬ್ರಾಂಟ್ ಕಿಟಕಿಗೆ ಬನ್ನಿ ಎಂದು ಕೂಗತೊಡಗಿದ್ದು. ಮಾಡಿನ ಮೇಲಿನ ಆ ವಾಕ್ಯ ಒಂದು ಘೋಷಣೆಗಿಂತ ಹೆಚ್ಚಾಗಿ ಒಂದು ತಿದ್ದುಪಡಿಯೆಂಬುದು ಹೊಳೆದಾಗ ನನ್ನ ಸಿಟ್ಟು ಅರ್ಧಕ್ಕಿಳಿಯಿತು.

ಬ್ರಾಂಟ್ ಕಿಟಕಿಗೆ ಬಂದರು. ಕೈಬೀಸಲಿಲ್ಲ, ಅಂಗೈಗಳನ್ನು ಕೆಳಮುಖ ಮಾಡಿ, ಸಾವಧಾನ, ಎನ್ನುವಂತೆ ಮೆಲ್ಲಗೆ ತಗ್ಗಿಸಿದರು. ತಾನು ಮರುದಿನ ತನ್ನ ಊರಿನಲ್ಲಿರುತ್ತೇನೆ, ಇವರು ಇಲ್ಲಿಯೇ ಇರಬೇಕಾದವರು ಎಂಬ ಎಚ್ಚರ ಆ ಸನ್ನೆಯಲ್ಲಿತ್ತು. ಜಯಕಾರವನ್ನು ಇನ್ನಷ್ಟು ಏರಿಸಲು ಬಲ್ಲ ರಾಜಕಾರಣಿಗಳನ್ನು ನಾನು ನಮ್ಮ ನಾಡಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ತಗ್ಗಿಸಿದವರನ್ನು ನೆನಪು ಮಾಡಿಕೊಳ್ಳಲು ಚೌಕದ ಬೆಂಚಿನಲ್ಲಿ ಕುಳಿತು ಬಹಳ ಹೊತ್ತು ಪ್ರಯತ್ನಿಸಿದೆ. ಅಂದು ಮಧ್ಯಾಹ್ನ, ಷ್ಟೋಫರಿಗೆ ಜಯಕಾರ ಹಾಕುವ ಜನರನ್ನು ಪಕ್ಷದವರು ಒಟ್ಟುಗೂಡಿಸಿ ತಂದರಂತೆ. ಈ ಕಲೆ ನಮಗೆ ಹೊಸದಲ್ಲ.

ಒಳಗೆ ನಡೆದ ಮಾತುಕತೆಯಾದರೋ ನೀರಸ. ತಮಗಾದ ನಷ್ಟಕ್ಕೆ ಹತ್ತು ಸಾವಿರ ಕೋಟಿ ಮಾರ್ಕು ಬರಬೇಕೆಂದರು ಷ್ಟೋಫ್. ಯಾವ ಕಾಗದಕ್ಕೂ ಸಹಿ ಬೀಳಲಿಲ್ಲ. ಮೇ 21ರಂದು ಕಾಸೆಲ್ ನಗರದಲ್ಲಿ ಮರುಭೇಟಿಯಾದಾಗ ಪಶ್ಚಿಮದ ಕೆಲವು ಯುವಕರು ಪೂರ್ವದ ಧ್ವಜವನ್ನು ಕಿತ್ತರು. ಆದರೂ ಅದೇ ವರ್ಷ ಮಾಸ್ಕೋ, ವಾರ್ಸಾ ಒಪ್ಪಂದಗಳು, 1972ರ ಡಿಸೆಂಬರ್ 21ಕ್ಕೆ ಎರಡು ಜರ್ಮನಿಗಳ ಮೂಲ ಒಪ್ಪಂದ, 1973ರ ಸೆಪ್ಟೆಂಬರ್ 18ಕ್ಕೆ ಇಬ್ಬರಿಗೂ ಒಂದೇ ದಿನ ವಿಶ್ವಸಂಸ್ಥೆಯ ಸದಸ್ಯತ್ವ.

ಮಧ್ಯಾಹ್ನ ಹಸಿವು ನಮ್ಮನ್ನು ಹಳೆಯ ಪೇಟೆಯ ಒಂದು ಊಟದಮನೆಗೆ ಕರೆದೊಯ್ದಿತು. ನೀರಿಗೆ ಬಿಯರಿನಷ್ಟೇ ದರ ಹಾಕುವ ಈ ದೇಶದ ಪದ್ಧತಿಯನ್ನು ನಾನು ಕೊನೆಯವರೆಗೂ ಕ್ಷಮಿಸಲಾರೆ. ಜಾಗವಿಲ್ಲದೆ, ವೃದ್ಧರೊಬ್ಬರು ಒಂಟಿಯಾಗಿ ಕುಳಿತಿದ್ದ ಮೇಜಿನಲ್ಲಿ ಅವರ ಅಪ್ಪಣೆ ಪಡೆದು ಕುಳಿತೆವು. ಮಾಂಸವಿಲ್ಲದ ಪದಾರ್ಥ ಕೇಳಿದ್ದಕ್ಕೆ ಬಂದದ್ದು ಅಣಬೆಯ ಗೊಜ್ಜಿನೊಡನೆ ಎರಡು ಆಲೂಗಡ್ಡೆಯ ಉಂಡೆ, ಈ ತ್ಯೂರಿಂಗಿಯಾ ಸೀಮೆಯ ಅಭಿಮಾನದ ‘ಕ್ಲೋಸೆ’. ನಾನು ಚಾಕು ಎತ್ತಿದೆನೋ ಇಲ್ಲವೋ, ಎದುರಿನ ವೃದ್ಧರು ಅಪಚಾರ ಕಂಡವರಂತೆ ಕೈ ಅಡ್ಡಹಿಡಿದರು: ಉಂಡೆಯನ್ನು ಕತ್ತರಿಸಬಾರದು, ಮುಳ್ಳುಚಮಚೆಯಿಂದ ಬಿಡಿಸಬೇಕು! ನಮ್ಮಲ್ಲಿಯೂ ಮುದ್ದೆಯನ್ನು ಅಗಿಯಬಾರದು, ನುಂಗಬೇಕೆಂದು ಮಗಳ ಮೂಲಕ ತಿಳಿಸಿದೆ. ಸ್ನೇಹವಾಯಿತು. ಹಸಿ ಆಲೂಗಡ್ಡೆಯ ತುರಿ ಎರಡು ಪಾಲು, ಬೆಂದದ್ದು ಒಂದು ಪಾಲು, ಹೊಟ್ಟೆಯೊಳಗೆ ಹುರಿದ ಬ್ರೆಡ್ಡಿನ ಚೂರು ಎಂದು ಪಾಕವಿಧಾನವನ್ನೂ ಒಪ್ಪಿಸಿದರು.

ಕಿಟಕಿಯ ಪ್ರಸ್ತಾಪ ತೆಗೆದಾಗ ಅವರು ನಕ್ಕರು. “ಇವತ್ತು ಈ ಊರಿನಲ್ಲಿ ನನ್ನ ವಯಸ್ಸಿನ ಯಾರನ್ನು ಕೇಳಿದರೂ ಅಂದು ಚೌಕದಲ್ಲಿದ್ದವರೇ. ಅಷ್ಟು ಜನ ನಿಜವಾಗಿ ಇದ್ದಿದ್ದರೆ ಗೋಡೆ ಅಂದೇ ಬೀಳುತ್ತಿತ್ತು. ನಾನು ಮಾತ್ರ ಇರಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಆ ಕಡೆ ಸುಳಿಯಬೇಡಿ ಎಂದರು, ಸುಳಿಯಲಿಲ್ಲ.” ಇಷ್ಟು ನೇರವಾಗಿ ತನ್ನ ಅಂಜಿಕೆಯನ್ನು ಹೇಳಿಕೊಂಡ ಮನುಷ್ಯನನ್ನು ನಾನು ಪ್ರವಾಸದಲ್ಲಿ ಕಂಡದ್ದು ಅಪರೂಪ.

ಅವರ ನೆನಪಿನಲ್ಲಿ ಆ ಕಾಲದ ದೊಡ್ಡ ಸಂಗತಿ ಬೇರೆ. ಅವರ ಚಿಕ್ಕಮ್ಮ ಕಾಸೆಲ್ಲಿನಲ್ಲಿದ್ದಳು. ತಾಯಿಗೂ ಅವಳಿಗೂ ಗೋಡೆಯ ನಂತರ ಪತ್ರಗಳೇ ಗತಿ. ಒಂದೊಂದು ಪತ್ರ ಬಂದಾಗಲೂ ಮನೆಯಲ್ಲಿ ಕಣ್ಣೀರು. 1972ರ ಸಂಚಾರ ಒಪ್ಪಂದದ ತರುವಾಯ ಬರುವುದು ಸುಲಭವಾಗಿ, ಚಿಕ್ಕಮ್ಮ ತನ್ನ ಕಾರಿನಲ್ಲೇ, ಕಾಫಿಪುಡಿ ತುಂಬಿಕೊಂಡು ಬಂದಿಳಿದಳು. ಬಂದವರು ದಿನಕ್ಕಿಷ್ಟು ಪಶ್ಚಿಮದ ಹಣವನ್ನು ಬದಲಾಯಿಸಲೇಬೇಕೆಂಬ ಕಟ್ಟಳೆಯಿತ್ತು. 1973ರ ನವೆಂಬರಿನಲ್ಲಿ ಅದನ್ನು ಇಮ್ಮಡಿಗೊಳಿಸಿ ಇಪ್ಪತ್ತು ಮಾರ್ಕು ಮಾಡಿದರು. “ಸ್ವಂತ ಅಕ್ಕನ ಮನೆಯಲ್ಲಿ ಮಲಗುವುದಕ್ಕೆ ನಮ್ಮ ಸರ್ಕಾರಕ್ಕೆ ಬಾಡಿಗೆ ಕಟ್ಟುತ್ತಿದ್ದಳು” ಎಂದರು ಅವರು. ಮೊದಲ ಭೇಟಿ ಆಲಿಂಗನದಲ್ಲಿ ಕಳೆಯಿತು, ಎರಡನೆಯದು ಹಳೆಯ ಚಿತ್ರಗಳನ್ನು ನೋಡುವುದರಲ್ಲಿ. ಮೂರನೆಯ ಭೇಟಿಯಲ್ಲಿ ಅಜ್ಜಿಯ ಆರು ಬೆಳ್ಳಿಯ ಚಮಚೆಗಳು ಯಾರಿಗೆ ಸೇರಬೇಕೆಂದು ಇಬ್ಬರೂ ಘೋರವಾಗಿ ಜಗಳವಾಡಿದರು. “ನನ್ನ ತಂದೆ ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದರು, ಇನ್ನು ಭಯವಿಲ್ಲ, ಇವರು ಮತ್ತೆ ಅಕ್ಕತಂಗಿಯರಾದರು, ಎಂದು.”

ಚಮಚೆಗಳು ಕೊನೆಗೆ ಯಾರ ಪಾಲಾದವೆಂದು ಕೇಳಿದೆ. ಮೂರು ಮೂರು, ಎಂದರು. ಅವರಲ್ಲಿದ್ದ ಮೂರರಲ್ಲಿ ಒಂದು ಕಳೆದಿದೆಯಂತೆ.

ಅಪರಾಹ್ನ ಮನೆಗಳನ್ನೇ ಬೆನ್ನಮೇಲೆ ಹೊತ್ತ ಕ್ರೇಮರ್ ಸೇತುವೆಯನ್ನು ದಾಟಿದೆವು. ಎಲೆಯೊಂದರಿಂದ ತೆಗೆದ ನೀಲಿ ಬಣ್ಣದ ವ್ಯಾಪಾರದಿಂದ ಈ ಊರು ಶತಮಾನಗಳ ಹಿಂದೆ ಸಿರಿವಂತವಾಗಿದ್ದು, ಹಡಗಿನಲ್ಲಿ ಬಂದ ಭಾರತದ ನೀಲಿ ಆ ಸಿರಿಯನ್ನು ಕರಗಿಸಿತೆಂದು ತಿಳಿದಾಗ, ಎದುರಾದ ಅಂಗಡಿಯವಳಿಗೆ ನನ್ನ ದೇಶದ ಹೆಸರು ಹೇಳಲು ಒಂದು ಕ್ಷಣ ಸಂಕೋಚವಾಯಿತು. ಅವಳು ನೀಲಿಯ ಕರವಸ್ತ್ರವೊಂದಕ್ಕೆ ಹೇಳಿದ ಬೆಲೆ ಕೇಳಿ ಆ ಸಂಕೋಚ ಹೋಯಿತು.

ಹಿಂದಿರುಗುವ ರೈಲು ಐಸೆನಾಕ್ ಬಿಟ್ಟ ಮೇಲೆ ನಾನು ಕಿಟಕಿಗೆ ಅಂಟಿಕೊಂಡೆ. ಹಿಂದಿನ ಗಡಿಠಾಣೆ ಗೆರ್ಷ್ಟುಂಗೆನ್ ಅಲ್ಲೇ ಮುಂದಿತ್ತು; ಬ್ರಾಂಟರ ರೈಲು ಒಳಬಂದ ದಾರಿಯೂ ಅದೇ, ಹಳಿಯ ಪಕ್ಕದ ಮನೆಗಳಿಂದ ಜನ ಕೈಬೀಸಿದ್ದೂ ಇದೇ ಸೀಮೆಯಲ್ಲಿ. ಫಲಕವನ್ನು ಓದೋಣವೆಂದು ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಮೂಗಿಗೇರಿಸುವಷ್ಟರಲ್ಲಿ ಒಂದು ನಿಲ್ದಾಣ ಸರ್ರನೆ ಹಿಂದಕ್ಕೆ ಹೋಯಿತು.

“ಅದೇನಾ?” ಎಂದೆ.

“ಗೊತ್ತಾಗಲಿಲ್ಲ, ಅಪ್ಪ. ಇಲ್ಲಿ ನಿಲ್ಲಿಸುವುದಿಲ್ಲ” ಎಂದಳು ಮಗಳು.