ಅಪ್ಪನ ಪಂಪು

ತವರಿನ ಪಾಲು ಹಂಚುವಾಗ ಹೆಣ್ಣುಮಕ್ಕಳಿಗೆ ಒಡವೆಯೋ ಹಿತ್ತಾಳೆ ಪಾತ್ರೆಯೋ ಸಿಗುವುದುಂಟು. ನಾನು ಕೇಳಿ ಪಡೆದದ್ದು ಒಂದು ಪೆಟ್ರೋಲ್ ಪಂಪು. ಅಜ್ಜಂಪುರದ ಮನೆಯ ಹಿತ್ತಲಲ್ಲಿ, ನುಗ್ಗೆಮರದ ಬುಡದಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಅದನ್ನು ತಮ್ಮ ಗುಜರಿಗೆ ಹಾಕುವುದರಲ್ಲಿದ್ದ. "ನಿನಗೇನು ತಲೆ ಕೆಟ್ಟಿದೆಯಾ ಅಕ್ಕ?" ಎಂದ.

ಅಪ್ಪ ಕಡೂರಿನಲ್ಲಿ, ಹೊನ್ನಾವರದ ಹೆದ್ದಾರಿ ಬದಿಯ ಬಂಕಿನಲ್ಲಿ ಆ ಪಂಪಿನ ಹಿಡಿ ಆಡಿಸುತ್ತಿದ್ದರು. ಕರೆಂಟು ಬೇಡದ ಕೈಪಂಪು. ತಲೆಯ ಮೇಲೆ ಐದೈದು ಲೀಟರಿನ ಎರಡು ಗಾಜಿನ ಜಾಡಿ. ಹಿಡಿಯನ್ನು ಆಚೆಗೂ ಈಚೆಗೂ ಆಡಿಸಿದರೆ ನೆಲದೊಳಗಿನ ಟ್ಯಾಂಕಿನಿಂದ ಪೆಟ್ರೋಲ್ ಏರಿ ಒಂದು ಜಾಡಿ ತುಂಬುತ್ತದೆ; ಹೆಚ್ಚಾದದ್ದು ಮರಳಿ ಟ್ಯಾಂಕಿಗೆ. ನಲ್ಲಿ ತಿರುಗಿಸಿದರೆ ತುಂಬಿದ್ದು ಕೊಳವೆಯಲ್ಲಿ ಗಾಡಿಗೆ ಇಳಿಯುತ್ತದೆ, ಅಷ್ಟರಲ್ಲಿ ಇನ್ನೊಂದು ತುಂಬುತ್ತಿರುತ್ತದೆ. 1956ರ ಕಾಯಿದೆಯಿಂದ ಮೆಟ್ರಿಕ್ ಅಳತೆ ಬರುವ ಮೊದಲು ಗ್ಯಾಲನ್ ಲೆಕ್ಕ, ಸುಮಾರು ನಾಲ್ಕೂವರೆ ಲೀಟರು. ಅಪ್ಪ ಕೊನೆಯವರೆಗೂ ಗ್ಯಾಲನ್ ಎಂದೇ ಅನ್ನುತ್ತಿದ್ದರು.

1979ರಲ್ಲಿ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಟ್ಯಾಕ್ಸಿಯವನೊಬ್ಬ ಡಬ್ಬಕ್ಕೆ ಹಾಕಿಸಿಕೊಂಡು ಅಳೆದ. ಕಡಿಮೆ ಬಂತು. "ಜಾಡಿ ತುಂಬಿದ್ದನ್ನು ನೀವೇ ನೋಡಿದಿರಲ್ಲ ಸ್ವಾಮಿ" ಎಂದು ಅಪ್ಪ ಗೋಗರೆದರೂ ಮಾಲೀಕರು ಎಲ್ಲರೆದುರು ಕಳ್ಳ ಎಂದರು. ಕೆಲಸ ಹೋಯಿತು. ಮುಂದೆ ಕರೆಂಟಿನ ಪಂಪು ಬಂದಾಗ ಬಾಕಿ ಸಂಬಳದ ಬದಲು ಹಳೆಯದನ್ನು ಎತ್ತಿನ ಗಾಡಿಯಲ್ಲಿ ಹೇರಿ ಕಳಿಸಿದರು. "ದುಡ್ಡು ಕೇಳಿದರೆ ಕಬ್ಬಿಣ ಕೊಟ್ಟರು" ಎಂದು ಅಮ್ಮ ವರ್ಷಗಟ್ಟಲೆ ಬೈದಳು. ಅಪ್ಪ ಅದನ್ನು ಒಮ್ಮೆಯೂ ಮುಟ್ಟಲಿಲ್ಲ. ನಿಜ ಹೇಳುತ್ತೇನೆ, ದೊಡ್ಡವಳಾದ ಮೇಲೆ ನನಗೂ ಒಳಗೊಳಗೇ ಸಂಶಯವಿತ್ತು. ಮನೆಯಲ್ಲಿ ನಾಲ್ಕು ಮಕ್ಕಳು, ಸಂಬಳ ಸಾಲದು.

ತರೀಕೆರೆಯಲ್ಲಿ ಲೇತ್ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿ ಅಡಿಕೆ ಸುಲಿಯುವ ಯಂತ್ರಗಳ ನಡುವೆ ಇದಕ್ಕೂ ಜಾಗ ಕೊಟ್ಟ. ಬೋಲ್ಟುಗಳು ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆದ ಮೇಲೆ ಬಿಚ್ಚಿದವು. ದುಂಡನೆಯ ಹೊಟ್ಟೆಯೊಳಗೆ ಹಿತ್ತಾಳೆಯ ರೆಕ್ಕೆ, ಅದಕ್ಕೆ ಎರಡು ಮುಚ್ಚಳ, ಕೆಳಗೆ ಇನ್ನೆರಡು. ಏರಿದ್ದು ಇಳಿಯದಂತೆ ತಡೆಯುವುದೇ ಅವುಗಳ ಕೆಲಸ. ಒಂದೊಂದನ್ನೂ ಪೇಸ್ಟ್ ಹಾಕಿ ಉಜ್ಜಿ ಕೂರಿಸಿದ. ಹಿಡಿಯ ದಂಡಕ್ಕೆ ಗ್ರೀಸ್ ಸವರಿದ ಹತ್ತಿಹುರಿ ಸುತ್ತಿದ. ಒಂದು ಜಾಡಿ ಒಡೆದಿತ್ತು. ಉಳಿದದ್ದಕ್ಕೆ ನೀರು ಏರಿಸಿದೆವು. ನಾನೂ ಹಿಡಿ ಆಡಿಸಿದೆ. ಐದು ಲೀಟರಿಗೇ ಭುಜ ಬಿದ್ದುಹೋಯಿತು.

ಮೇಷ್ಟರ ಚಾಳಿ, ಹೊರಬಂದ ನೀರನ್ನು ಅಳೆದೆ. ಒಂದು ಲೋಟ ಕಡಿಮೆ! ಎರಡು ಸಲ ಅಳೆದರೂ ಅಷ್ಟೇ.

ಹುಡುಗ ನಲ್ಲಿಯ ತಿರುಪನ್ನು ಹೊರತೆಗೆದು ಬೆಳಕಿಗೆ ಹಿಡಿದ. "ಇಲ್ಲಿ ನೋಡಿ ಟೀಚರ್." ಹಿತ್ತಾಳೆ ಸವೆದು ಉದ್ದಕ್ಕೂ ಗೀರು ಬಿದ್ದಿತ್ತು. ಇಳಿಯುವಾಗ ಸ್ವಲ್ಪ ಆ ಗೀರಿನಿಂದ ಹಿಂದಿನ ಕೊಳವೆಗೆ ಜಾರಿ ಟ್ಯಾಂಕಿಗೇ ಹೋಗುತ್ತದೆ. ಜಾಡಿ ತುಂಬಿದ್ದೂ ನಿಜ, ಡಬ್ಬಕ್ಕೆ ಬಿದ್ದದ್ದು ಕಡಿಮೆ ಎಂಬುದೂ ನಿಜ. ಅಪ್ಪನಿಗೆ ಅನುಮಾನ ಬಂದಿದ್ದರೂ ಬಿಚ್ಚಿ ನೋಡುವಂತಿರಲಿಲ್ಲ. ಅಳತೆಯ ಭಾಗಕ್ಕೆ ಸೀಸದ ಮುದ್ರೆ ಇರುತ್ತಿತ್ತು.

"ಆ ಗೀರು ಆಗಲೇ ಇತ್ತೆಂದು ಹೇಗೆ ಹೇಳುತ್ತೀ?" ಎಂದ ತಮ್ಮ. ಲಾಯರನ ಪ್ರಶ್ನೆ. ನಾನು ಸುಮ್ಮನಾದೆ.

ಪಂಪಿಗೆ ಹೊಸ ತಿರುಪು ಕಡೆಸಿದೆವು. ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಅಜ್ಜಂಪುರಕ್ಕೆ ಒಯ್ದು ಅಮ್ಮನ ಕೈಗಿಟ್ಟೆ. ಅವಳಿಗೆ ಈಗ ಕಣ್ಣು ಮಂಜು. ಗೀರಿನ ಉದ್ದಕ್ಕೂ ಉಗುರು ಆಡಿಸುತ್ತ ಬಹಳ ಹೊತ್ತು ಕುಳಿತಳು.

"ಆ ಟ್ಯಾಕ್ಸಿಯವನು ಬೀರೂರಿನವನು" ಎಂದಳು. "ಇದ್ದಾನೋ ಇಲ್ಲವೋ."