ಸಂಗೀತವಿದ್ಯೆ, ಜೀವನೋಪಾಯ ಮತ್ತು ಅಚೌರ್ಯವ್ರತ

ಭಗವಾನ್ ಆದಿನಾಥರು ಕರ್ಮಭೂಮಿಯ ಆರಂಭದಲ್ಲಿ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಬೋಧಿಸಿದರೆಂದು ಜಿನಸೇನಾಚಾರ್ಯರ ಆದಿಪುರಾಣವು ತಿಳಿಸುತ್ತದೆ. ಶಾಸ್ತ್ರವನ್ನು ಕಲಿಸಿ ಬದುಕುವುದು ವಿದ್ಯಾಕರ್ಮ. ಗೀತ, ನೃತ್ಯಗಳಿಂದ ಜೀವಿಸುವುದನ್ನೂ ವ್ಯಾಖ್ಯಾನಕಾರರು ಇದರಲ್ಲಿಯೇ ಸೇರಿಸಿದ್ದಾರೆ. ಸ್ವಾಮಿಯು ಪುತ್ರನಾದ ವೃಷಭಸೇನನಿಗೆ ಗಂಧರ್ವಶಾಸ್ತ್ರವನ್ನು ಉಪದೇಶಿಸಿದ ಪ್ರಸಂಗವೂ ಅದೇ ಪುರಾಣದಲ್ಲಿದೆ. 'ಸಂಗೀತಸಮಯಸಾರ'ವನ್ನು ರಚಿಸಿದ ಪಾರ್ಶ್ವದೇವನು ಜೈನನು. ಮೂಡುಬಿದಿರೆಯ ರತ್ನಾಕರವರ್ಣಿಯು 'ಭರತೇಶವೈಭವ'ವನ್ನು ಹಾಡಿಕೊಳ್ಳಲು ಒದಗುವ ಸಾಂಗತ್ಯದಲ್ಲಿ ರಚಿಸಿದನು. ಇಂತಹ ಪರಂಪರೆಯುಳ್ಳ ಸಮಾಜದಲ್ಲಿಯೂ ಮಗನೋ ಮಗಳೋ "ಸಂಗೀತವನ್ನೇ ಮುಂದುವರಿಸುತ್ತೇನೆ" ಎಂದಾಗ ಹಿರಿಯರಿಂದ ಬರುವ ಮೊದಲ ಪ್ರಶ್ನೆ "ಹೊಟ್ಟೆಪಾಡಿಗೇನು?" ಎಂಬುದು. ಪ್ರಶ್ನೆ ಅನುಚಿತವಲ್ಲ. ಆದರೆ ಅದಕ್ಕೆ ಉತ್ತರ ಹೇಳಬೇಕಾದವರು ಮಕ್ಕಳು ಮಾತ್ರವೇ ಎಂಬುದು ವಿಚಾರಾರ್ಹ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಸಂಗೀತವನ್ನು ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಕರ್ನಾಟಕ ಸಂಗೀತದ ಪಾಠ, ಯಕ್ಷಗಾನದ ಭಾಗವತಿಕೆ, ಚೆಂಡೆ, ಮದ್ದಳೆ, ಭಜನೆ, ಉತ್ಸವದ ಸ್ಯಾಕ್ಸೋಫೋನ್ ಇವೆಲ್ಲವೂ ಈ ನೆಲದಲ್ಲಿ ಬಾಳುತ್ತಿರುವ ವಿದ್ಯೆಗಳು. ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಹೈಸ್ಕೂಲು ಮುಗಿಯುವುದರೊಳಗೆ ಮುಗಿಸುವ ಮಕ್ಕಳೂ ಇದ್ದಾರೆ. ತೊಡಕು ಆರಂಭವಾಗುವುದು ಪಿಯುಸಿಯಲ್ಲಿ. ಸಿಇಟಿ, ನೀಟ್‌ಗಳ ಒತ್ತಡದಲ್ಲಿ ಬೆಳಗಿನ ಸಾಧಕವು ನಿಲ್ಲುತ್ತದೆ. ಎರಡು ವರ್ಷ ನಿಂತ ಕಂಠ ಮತ್ತೆ ಹದಕ್ಕೆ ಬರುವುದು ಸುಲಭವಲ್ಲ. ಪುತ್ತೂರಿನ ಸಂತ ಫಿಲೋಮಿನಾ, ವಿವೇಕಾನಂದ, ಸುಳ್ಯದ ನೆಹರು ಮೆಮೋರಿಯಲ್ ಮೊದಲಾದ ಕಾಲೇಜುಗಳು ಈ ಭಾಗದ ಮಕ್ಕಳಿಗೆ ಕಲೆ, ವಾಣಿಜ್ಯ, ವಿಜ್ಞಾನಗಳ ಬಾಗಿಲನ್ನು ತೆರೆದಿವೆ. ಸಂಗೀತವನ್ನೇ ಪದವಿಯ ಮುಖ್ಯ ವಿಷಯವಾಗಿ ಓದಬಯಸುವವರು ಮಾತ್ರ ಸಾಮಾನ್ಯವಾಗಿ ಘಟ್ಟ ಹತ್ತಿ ಮೈಸೂರು, ಬೆಂಗಳೂರು ಅಥವಾ ಧಾರವಾಡದ ಕಡೆಗೆ ಹೋಗಬೇಕಾಗುತ್ತದೆ. ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾನಿಲಯಕ್ಕಾಗಿ 2009ರಲ್ಲಿ ಕಾನೂನು ರೂಪುಗೊಂಡಿತು.

ಇಲ್ಲಿ ಪೋಷಕರು ಗಮನಿಸಬೇಕಾದ ಒಂದು ಭೇದವಿದೆ. ವಿದ್ವತ್ ಪರೀಕ್ಷೆಯ ಪ್ರಮಾಣಪತ್ರವು ವಿದ್ಯೆಯನ್ನು ಅಳೆಯುತ್ತದೆ. ಉದ್ಯೋಗ ಕೊಡುವ ಸಂಸ್ಥೆಗಳು ಅನೇಕ ವೇಳೆ ಪದವಿಯನ್ನು ಕೇಳುತ್ತವೆ. ಕೇಂದ್ರೀಯ ವಿದ್ಯಾಲಯಗಳ ಪ್ರಾಥಮಿಕ ವಿಭಾಗದಲ್ಲಿ ಸಂಗೀತ ಶಿಕ್ಷಕರ ಹುದ್ದೆಗೆ ಪಿಯುಸಿಯ ಮೇಲೆ ಸಂಗೀತದ ಪದವಿ ಅಥವಾ ತತ್ಸಮಾನ ಅರ್ಹತೆ ಬೇಕು. ನವೋದಯ ವಿದ್ಯಾಲಯಗಳಲ್ಲಿಯೂ ಸಂಗೀತ ಶಿಕ್ಷಕರಿರುತ್ತಾರೆ. ಮಂಗಳೂರು ಆಕಾಶವಾಣಿಯು 1976ರಿಂದ ಈ ಜಿಲ್ಲೆಯ ಕಲಾವಿದರಿಗೆ ವೇದಿಕೆಯಾಗಿದೆ; ಆದರೆ ಧ್ವನಿಪರೀಕ್ಷೆಯಲ್ಲಿ ದೊರೆಯುವ ಬಿ, ಬಿ-ಹೈ, ಎ ಶ್ರೇಣಿಗಳು ಕಲಾವಿದನ ಮಟ್ಟವನ್ನು ಸೂಚಿಸುತ್ತವೆಯೇ ಹೊರತು ತಿಂಗಳ ಸಂಬಳವನ್ನಲ್ಲ. ಕೇಂದ್ರ ಸಂಸ್ಕೃತಿ ಇಲಾಖೆಯ ವಿದ್ಯಾರ್ಥಿವೇತನಗಳಲ್ಲಿ ಒಂದು 10ರಿಂದ 14 ವರ್ಷದ ಮಕ್ಕಳಿಗೆ, ಇನ್ನೊಂದು 18ರಿಂದ 25 ವರ್ಷದ ತರುಣ ಕಲಾವಿದರಿಗೆ ಎಂದು ಮೀಸಲಾಗಿವೆ. ವಯಸ್ಸು ಮೀರಿದ ಮೇಲೆ ವಿಚಾರಿಸಿ ಪ್ರಯೋಜನವಿಲ್ಲ.

ಪದವಿಯಿಲ್ಲದೆಯೂ ಶಿಖರವೇರಿದವರುಂಟು ಎಂಬ ವಾದಕ್ಕೆ ಈ ಜಿಲ್ಲೆಯಲ್ಲಿ ಕದ್ರಿ ಗೋಪಾಲನಾಥರ ಉದಾಹರಣೆಯನ್ನು ಕೊಡುವುದು ವಾಡಿಕೆ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಅವರು ವಿದೇಶೀ ವಾದ್ಯವಾದ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮೆನೇಡ್ ಕಛೇರಿಗೆ ಆಹ್ವಾನಿತರಾದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರಲ್ಲಿ ನಿಧನರಾದರು. ಆದರೆ ಅವರ ಬಾಳಿನಿಂದ ಕಲಿಯಬೇಕಾದುದು ಓದನ್ನು ಬಿಡಬಹುದೆಂಬುದನ್ನಲ್ಲ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಅನಂತರ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಅವರು ದೀರ್ಘಕಾಲ ಶಿಷ್ಯವೃತ್ತಿ ಮಾಡಿದರು. ಆ ಗುರುಕುಲವಾಸವೇ ಅವರ ಕಾಲೇಜು. ಫಲವನ್ನು ಹೊಗಳುವವರು ಆ ತಪಸ್ಸಿನ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಆದಾಯದ ವಿಚಾರ. ವ್ಯಾಪಾರಿಗೆ ಹಬ್ಬದ ಮಾರಾಟವೂ ಇದೆ, ಮಳೆಗಾಲದ ಮಾರಾಟವೂ ಇದೆ. ಕರಾವಳಿಯ ಕಲಾವಿದನಿಗೆ ಹಾಗಲ್ಲ. ಸುಬ್ರಹ್ಮಣ್ಯದ ಚಂಪಾಷಷ್ಠಿಯಿಂದ ಏಪ್ರಿಲ್ ತಿಂಗಳ ಪುತ್ತೂರು ಜಾತ್ರೆಯವರೆಗೆ ಊರೂರುಗಳಲ್ಲಿ ಉತ್ಸವ, ಬ್ರಹ್ಮಕಲಶ, ಮದುವೆ, ಬಯಲಾಟ. ಮೇ ತಿಂಗಳ ಕೊನೆಗೆ ಪತ್ತನಾಜೆ ಬಂದೊಡನೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಉತ್ಸವಗಳು ನಿಲ್ಲುತ್ತವೆ. ಅಲ್ಲಿಂದ ಮುಂದಿನ ನಾಲ್ಕೈದು ತಿಂಗಳು ಮನೆಯ ಖರ್ಚು ನಡೆಯಬೇಕಾದುದು ಹಿಂದಿನ ಗಳಿಕೆಯಿಂದ. ಆದುದರಿಂದ ಸಂಗೀತದ ಜೊತೆಗೆ ಬಿ.ಕಾಂ., ಬಿ.ಎಡ್. ಮುಂತಾದ ಇನ್ನೊಂದು ಆಸರೆ ಇರಲಿ ಎಂಬ ತಂದೆತಾಯಿಗಳ ಸಲಹೆ ಲೋಕಾನುಭವದ ಮಾತು. ಮಳೆಗಾಲದಲ್ಲಿ ಪಾಠ ಹೇಳುವ, ಶಾಲೆಯಲ್ಲಿ ದುಡಿಯುವ ಅರ್ಹತೆಯುಳ್ಳ ಕಲಾವಿದನು ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ.

ಆದರೆ ಕಲಾವಿದನ ಬಡತನಕ್ಕೆ ಋತುಮಾನವೊಂದೇ ಕಾರಣವಲ್ಲ. ಬಸದಿಯ ಪಂಚಕಲ್ಯಾಣ, ರಥೋತ್ಸವಗಳ ಸಂದರ್ಭದಲ್ಲಿ ಶಾಮಿಯಾನ, ದೀಪಾಲಂಕಾರ, ಧ್ವನಿವರ್ಧಕಗಳ ದರವನ್ನು ಮೊದಲೇ ಮಾತನಾಡಿ ಬಿಲ್ಲು ಪಾವತಿಸಲಾಗುತ್ತದೆ. ಎರಡು ಗಂಟೆ ಹಾಡಿದ ಹುಡುಗಿಗಾದರೋ ಶಾಲು, ಹಣ್ಣುಹಂಪಲು, ಸ್ಮರಣಿಕೆ, ಪ್ರಶಂಸೆಯ ನಾಲ್ಕು ಮಾತು. "ದೇವರ ಸೇವೆಯಲ್ಲವೇ?" ಎಂಬ ಸಮಾಧಾನ. ಸೇವೆಯು ಸ್ವಇಚ್ಛೆಯಿಂದ ಬಂದರೆ ಮಾತ್ರ ಸೇವೆ. ಸಂಕೋಚದಿಂದ ಬಾಯಿ ಮುಚ್ಚಿಸಿ ಪಡೆದದ್ದು ಸೇವೆಯಲ್ಲ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅಳತೆ, ತೂಕಗಳ ಹೆಚ್ಚುಕಡಿಮೆಯನ್ನೂ ಎಣಿಸಿದೆ. ಅಂಗಡಿಯ ತಕ್ಕಡಿಯಲ್ಲಿ ಒಂದು ತೊಲ ಕಡಿಮೆಯಾದರೆ ವ್ರತಭಂಗವೆಂದು ಅಂಜುವ ಶ್ರಾವಕನು, ಹತ್ತು ವರ್ಷ ಕಲಿತ ವಿದ್ಯೆಯನ್ನು ಪಡೆದು ಅರ್ಧ ಬೆಲೆ ಕೊಟ್ಟಾಗಲೂ ಅಂಜಬೇಕಷ್ಟೆ? ಮಕ್ಕಳಿಗೆ "ಸಂಗೀತದಲ್ಲಿ ಸಂಪಾದನೆಯಿಲ್ಲ" ಎಂದು ಎಚ್ಚರಿಸುವವರೂ, ಕಲಾವಿದನಿಗೆ ಸಂಭಾವನೆ ಕಡಿಮೆ ಮಾಡುವವರೂ ಹಲವು ಕಡೆ ಒಬ್ಬರೇ ಎಂಬುದು ಆತ್ಮಪರೀಕ್ಷೆಗೆ ಯೋಗ್ಯವಾದ ಸಂಗತಿ.

ಕಲಾವಿದನಿಗೂ ಕರ್ತವ್ಯಗಳಿವೆ. ಒಪ್ಪಿದ ಹೊತ್ತಿಗೆ ಬರುವುದು, ಒಂದು ಕಡೆ ಮಾತು ಕೊಟ್ಟು ಹೆಚ್ಚಿನ ಸಂಭಾವನೆಗಾಗಿ ಇನ್ನೊಂದು ಕಡೆಗೆ ಹೋಗದಿರುವುದು, ಚಪ್ಪಾಳೆಯಿಂದ ಮಾನಕಷಾಯ ಬೆಳೆಯದಂತೆ ನೋಡಿಕೊಳ್ಳುವುದು ಇವು ಅವನ ಸತ್ಯ ಮತ್ತು ಸಂಯಮದ ಪರೀಕ್ಷೆಗಳು.

ಬಸದಿಗಳ ಆಡಳಿತ ಮಂಡಳಿಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ವಾರ್ಷಿಕ ಅಂದಾಜುಪಟ್ಟಿಯಲ್ಲಿ ಕಲಾವಿದರ ಸಂಭಾವನೆಗೆ ಪ್ರತ್ಯೇಕ ಬಾಬತ್ತು ಇರಲಿ; ಮೊತ್ತವನ್ನು ಆಹ್ವಾನಿಸುವಾಗಲೇ ತಿಳಿಸಿ, ಕಾರ್ಯಕ್ರಮದ ದಿನವೇ ಸಲ್ಲಿಸಲಿ. ಮಳೆಗಾಲದಲ್ಲಿ ಸಭಾಭವನಗಳು ಖಾಲಿಯಿರುವಾಗ ಅಲ್ಲಿ ಸಂಗೀತಪಾಠ ನಡೆಸಲು ತರುಣ ಶಿಕ್ಷಕರಿಗೆ ಅವಕಾಶ ಕೊಡಲಿ. ಮೈಸೂರಿಗೋ ಧಾರವಾಡಕ್ಕೋ ಸಂಗೀತದ ಪದವಿಗೆ ಹೋಗುವ ಒಂದು ಮಗುವಿನ ವಸತಿವೆಚ್ಚವನ್ನು ವಿದ್ಯಾದಾನವೆಂದು ವಹಿಸಿಕೊಳ್ಳಲಿ. ಶ್ರಾವಕರ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಸ್ಥಾನವಿದೆ, ಸಂಗೀತವೂ ಶಾಸ್ತ್ರವೇ. ಹೀಗೆ ನಡೆದರೆ "ಹೊಟ್ಟೆಪಾಡಿಗೇನು?" ಎಂಬ ಪ್ರಶ್ನೆಗೆ ಮಕ್ಕಳ ಜೊತೆಗೆ ಸಮಾಜವೂ ಉತ್ತರ ಕೊಟ್ಟಂತಾಗುತ್ತದೆ.